ನೆರೆತನ ಬೇರೆ, ಕುಲ ಬೇರೆ

ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಭಾಷೆಯ ವಿಚಾರ ಬಂದಾಗ ಎರಡು ತೀರ್ಪುಗಳು ಸಲೀಸಾಗಿ ಕೇಳಿಬರುತ್ತವೆ. ಕನ್ನಡ ಹುಟ್ಟಿದ್ದೇ ಸಂಸ್ಕೃತದಿಂದ ಎಂಬುದು ಒಂದು. ಇಲ್ಲಿನ ಮುಸಲ್ಮಾನರ ಮನೆಮಾತಾದ ದಖನಿ ಉರ್ದು ಹೊರಗಿನದು, ಈ ಮಣ್ಣಿನದಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಹಿರಿಮೆಗಾಗಿ ಹೇಳುತ್ತಾರೆ, ಎರಡನೆಯದನ್ನು ದೂರ ಇಡುವುದಕ್ಕಾಗಿ. ಎರಡೂ ಒಂದೇ ತಪ್ಪಿನಿಂದ ಹುಟ್ಟಿವೆ. ಭಾಷೆಗಳ ನಡುವಿನ ಹುಟ್ಟಿನ ನಂಟನ್ನು ಒಡನಾಟದ ನಂಟಿನಿಂದ ಬೇರ್ಪಡಿಸಿ ನೋಡದಿರುವುದೇ ಆ ತಪ್ಪು.

ನಮ್ಮ ಊರಿನ ಮಾತಿಗೆ ಅಭಿಮಾನ ಅಡ್ಡಬರುತ್ತದೆ, ಆದ್ದರಿಂದ ಮೊದಲು ದೂರದ ಜೋಡಿಯೊಂದನ್ನು ನೋಡೋಣ. ಅಫ್ಘಾನಿಸ್ತಾನದಲ್ಲಿ ಉಜ್ಬೆಕ್ ಮತ್ತು ಪಶ್ತೋ ಒಂದೇ ದೇಶದ ಭಾಷೆಗಳು. ಪಾರಸಿ, ಅರಬ್ಬಿ ಪದಗಳು ಎರಡರಲ್ಲೂ ತುಂಬಿವೆ. ಬಜಾರ, ದುಕಾನ, ಕಿತಾಬು ಮೊದಲಾದವು ಚೂರುಪಾರು ಉಚ್ಚಾರ ಬದಲಿಸಿಕೊಂಡು ಅಲ್ಲಿಯೂ ಇವೆ, ನಮ್ಮಲ್ಲಿಯೂ ಇವೆ. ಪದಗಳನ್ನಷ್ಟೇ ನೋಡಿದರೆ ಅಣ್ಣತಮ್ಮಂದಿರೆನ್ನಬೇಕು. ಆದರೆ ಉಜ್ಬೆಕ್ ತುರ್ಕಿ ಕುಲದ್ದು. ನಾಮಪದಕ್ಕೆ ಲಿಂಗವಿಲ್ಲ, ಪ್ರತ್ಯಯಗಳನ್ನು ಒಂದರ ಹಿಂದೊಂದು ಜೋಡಿಸುತ್ತದೆ. 'ನನ್ನ ಪುಸ್ತಕಗಳಲ್ಲಿ' ಎನ್ನಲು ಅವರಿಗೆ 'ಕಿತೋಬ್‌ಲಾರಿಮ್‌ದಾ' ಎಂಬ ಒಂದೇ ಪದ ಸಾಕು. ಪದದ ಮೊದಲ ತುಂಡು ಅರಬ್ಬಿಯದು, ಮಿಕ್ಕ ಕಟ್ಟಡವೆಲ್ಲ ತುರ್ಕಿಯದು. ಪಶ್ತೋ ಇಂಡೋ-ಯುರೋಪಿಯನ್ ಕುಲದ ಇರಾನಿ ಶಾಖೆಗೆ ಸೇರಿದ್ದು. ಅಲ್ಲಿ ಪ್ರತಿ ನಾಮಪದಕ್ಕೂ ಗಂಡೋ ಹೆಣ್ಣೋ ಲಿಂಗವುಂಟು. ಭೂತಕಾಲದ ಸಕರ್ಮಕ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮವನ್ನು ಅನುಸರಿಸುತ್ತದೆ. ಎಣಿಕೆಗೆ ಬಂದರೆ ಕುಲ ಇನ್ನೂ ನಿಚ್ಚಳ. ಎರಡು, ಮೂರಕ್ಕೆ ಪಶ್ತೋದಲ್ಲಿ ದ್ವಾ, ದ್ರೇ. ಸಂಸ್ಕೃತದ ದ್ವಿ, ತ್ರಿಗಳ ದೂರದ ಸಂಬಂಧಿಗಳು. ಉಜ್ಬೆಕಿನಲ್ಲಿ ಇಕ್ಕಿ, ಉಚ್. ಅವು ಇಸ್ತಾಂಬುಲಿನ ತುರ್ಕಿಗೆ ಹತ್ತಿರ.

ಈ ಅಳತೆಗೋಲನ್ನು ನಮ್ಮ ನೆಲಕ್ಕೆ ತರೋಣ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನ ಸಂಸ್ಕೃತದಲ್ಲಿದೆ. ಲಂಜಿಗೇಸರ ಗ್ರಾಮದ ದಾನವನ್ನು ಹೇಳುವ ಅವನ ಕಾಲದ ಕಿರುಶಾಸನ ಅಲ್ಲಿಯೇ ಕನ್ನಡದಲ್ಲಿದೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದದ್ದು ಸಂಸ್ಕೃತ ಕಾವ್ಯ. ಅರಸೊತ್ತಿಗೆ ಎರಡೂ ಭಾಷೆಗಳನ್ನು ಬಳಸಿತೆಂದು ಒಂದು ಇನ್ನೊಂದರ ಮಗಳಾಗುವುದಿಲ್ಲ. ತಟ್ಟುಕೋಟಿಯ ಬಳಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವಂತೂ ಈ ವಿಷಯದಲ್ಲಿ ಒಳ್ಳೆಯ ಸಾಕ್ಷಿ. ಅದರ ಕನ್ನಡ ಸಾಲುಗಳಲ್ಲೂ ಸಂಸ್ಕೃತ ಪದಗಳು ಧಾರಾಳವಾಗಿವೆ. ಆದರೆ ಅವನ್ನು ಹಿಡಿದು ನಿಲ್ಲಿಸಿರುವ ಛಂದಸ್ಸು ತ್ರಿಪದಿ, ಅಂಶಗಣದ ನಡೆ, ಅಪ್ಪಟ ದೇಸಿ. ವಿಭಕ್ತಿ, ಕ್ರಿಯಾರೂಪಗಳು ಕನ್ನಡದವು. ಸರ್ವನಾಮ, ಎಣಿಕೆ, ಪ್ರತ್ಯಯಗಳಲ್ಲಿ ಕನ್ನಡ ತಮಿಳು, ತೆಲುಗು, ತುಳುವಿನ ಜೊತೆಗಿದೆ. ಬ್ರಿಟಿಷ್ ವಿದ್ವಾಂಸ ಎಲ್ಲಿಸ್ 1816ರಲ್ಲಿ ತೆಲುಗಿನ ಬಗ್ಗೆ ಬರೆಯುತ್ತ ಈ ಬಳಗವನ್ನು ಗುರುತಿಸಿದ. ಕಾಲ್ಡ್‌ವೆಲ್ 1856ರಲ್ಲಿ ಅದನ್ನು ವಿಸ್ತಾರವಾಗಿ ಸ್ಥಾಪಿಸಿದ.

ದಖನಿಯ ಕತೆ ಇದಕ್ಕೆ ತಿರುವುಮುರುವು. ಅದರ ಲಿಪಿ ಅರಬ್ಬಿ-ಪಾರಸಿ ಮೂಲದ್ದು, ಪದಗಳಲ್ಲೂ ಆ ನೆರಳು ದಟ್ಟವಾಗಿದೆ. ಆದರೂ ಹುಟ್ಟಿನಿಂದ ಅದು ಹಿಂದಿ, ಮರಾಠಿಗಳಂತೆ ಇಂಡೋ-ಆರ್ಯನ್ ಭಾಷೆ. ಅಂದರೆ, ಕುಲವನ್ನೇ ಹಿಡಿದು ಮಾತಾಡುವುದಾದರೆ, ಸಂಸ್ಕೃತದ ಮನೆತನಕ್ಕೆ ಸೇರಿದ್ದು ಬಾದಾಮಿಯ ಕನ್ನಡವಲ್ಲ, ಬಾದಾಮಿಯ ದಖನಿ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 'ಕಿತಾಬ್-ಎ-ನವರಸ'ವನ್ನು ಇದೇ ಭಾಷೆಯಲ್ಲಿ ರಚಿಸಿದ. ಹೆಸರಿನಲ್ಲೇ ಎರಡೂ ಕಡೆಯ ಪದಗಳಿವೆ. ಇನ್ನು ಒಡನಾಟದಲ್ಲಿ ನೋಡಿದರೆ ದಖನಿ ನಮ್ಮ ಪಕ್ಕದ ಮನೆಯದೇ. 'ಬರ್ತೀನಿ ಅಂತ ಹೇಳಿದ' ಎಂಬುದು ದಖನಿಯಲ್ಲಿ 'ಆತೂಂ ಬೋಲ್ಕೆ ಬೋಲ್ಯಾ'. ನಮ್ಮ 'ಅಂತ' ಕೂತ ಜಾಗದಲ್ಲೇ 'ಬೋಲ್ಕೆ' ಕೂತಿದೆ. ದಿಲ್ಲಿಯ ಉರ್ದುವಿನಲ್ಲಿ ಭೂತಕಾಲದ ಕರ್ತೃವಿಗೆ ಹತ್ತುವ 'ನೇ' ದಖನಿಯಲ್ಲಿ ಬಹುಮಟ್ಟಿಗೆ ಬಿದ್ದುಹೋಗಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ವಾಕ್ಯದ ಕಟ್ಟಡವೂ ನೆರೆಯಿಂದ ಬರಬಹುದಾದರೆ, ಕುಲವನ್ನು ತೋರಿಸಲು ವ್ಯಾಕರಣವನ್ನು ನಂಬುವುದು ಹೇಗೆ? ಸಾಂಗಲಿ ಜಿಲ್ಲೆಯ ಕುಪವಾಡದ ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ಇನ್ನಷ್ಟು ಚೂಪಾಗಿಸುತ್ತದೆ. ಅಲ್ಲಿ ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಒಟ್ಟಿಗೆ ಬಾಳಿ, ಮೂರರ ವಾಕ್ಯಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿಗೆ ಬಂದಿವೆ. 'ಇದು ನಿಮ್ಮ ಮನಿ' ಎಂದು ನಾವು ನಿಲ್ಲಿಸುವಲ್ಲಿ ಕುಪವಾಡದ ಕನ್ನಡಿಗರು ಮರಾಠಿ, ಉರ್ದುವಿನಂತೆ ಕೊನೆಗೆ 'ಐತಿ' ಸೇರಿಸುತ್ತಾರೆ. ಉಜ್ಬೆಕಿಗೂ ಹೀಗೆಯೇ ಆಗಿದೆ. ಪಾರಸಿಯ ಸಹವಾಸದಲ್ಲಿ ಅದರ ಶಿಷ್ಟರೂಪ ತುರ್ಕಿ ಭಾಷೆಗಳ ಹೆಗ್ಗುರುತಾದ ಸ್ವರಸಾಮ್ಯವನ್ನೇ, ಅಂದರೆ ಒಂದು ಪದದ ಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುವ ಗುಣವನ್ನೇ, ಬಹುತೇಕ ಕಳೆದುಕೊಂಡಿದೆ. ಆದರೆ ಕುಪವಾಡದಲ್ಲಿ ಬದಲಾದದ್ದು ಅಚ್ಚು. ಆ ಅಚ್ಚಿನೊಳಗೆ ಪ್ರತಿಯೊಂದು ಭಾಷೆಯೂ ತನ್ನದೇ ಪದ, ತನ್ನದೇ ಪ್ರತ್ಯಯಗಳನ್ನು ತುಂಬುತ್ತದೆ; 'ಐತಿ' ಎಂಬ ರೂಪವೇ ಅಚ್ಚಗನ್ನಡದ್ದು. ಕುಲವನ್ನು ತೋರಿಸುವುದು ವಾಕ್ಯದ ವಿನ್ಯಾಸವಲ್ಲ, ಪ್ರತ್ಯಯ, ಸರ್ವನಾಮ, ಎಣಿಕೆಗಳ ರೂಪದಲ್ಲಿ ನಿಯಮಬದ್ಧವಾಗಿ ಸಿಗುವ ಧ್ವನಿಯ ಹೊಂದಿಕೆ. ತಮಿಳಿನ 'ಪಾಲ್' ಹಳಗನ್ನಡದಲ್ಲೂ 'ಪಾಲ್' ಆಗಿದ್ದು ಹೊಸಗನ್ನಡದಲ್ಲಿ 'ಹಾಲು' ಆದಂತೆ, ನೂರಾರು ಪದಗಳು ಒಂದೇ ದಾರಿಯಲ್ಲಿ ನಡೆದಿವೆ.

ಇದರಿಂದ ಸಂಸ್ಕೃತದ ಗೌರವ ಕುಗ್ಗುತ್ತದೆ ಎನ್ನುವವರೂ ಇದ್ದಾರೆ. ಹಾಗೇನೂ ಇಲ್ಲ. ಸಾವಿರದೈನೂರು ವರ್ಷ ಜೊತೆಯಲ್ಲಿ ಬಾಳಿ ಕನ್ನಡವನ್ನು ಸಮೃದ್ಧಗೊಳಿಸಿದ ಭಾಷೆಗೆ ತಾಯಿಯ ಪಟ್ಟ ಬೇಕೇ ಬೇಕೆಂದೇನಿಲ್ಲ. ಇದೇ ನ್ಯಾಯ ದಖನಿಗೂ ಸಲ್ಲಬೇಕು. ಪಟ್ಟದಕಲ್ಲಿನಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬವೊಂದಿದೆ. ಅದರ ಸಂಸ್ಕೃತ ಪಾಠವನ್ನು ಉತ್ತರದ ಸಿದ್ಧಮಾತೃಕೆಯಲ್ಲೂ ಇಲ್ಲಿನ ಕನ್ನಡ ಲಿಪಿಯಲ್ಲೂ ಕೆತ್ತಲಾಗಿದೆ. ಪ್ರವಾಸಕ್ಕೆ ಬರುವ ಶಾಲೆಯ ಮಕ್ಕಳಿಗೆ ಈ ಕಂಬವನ್ನು ತೋರಿಸಿ ಲಿಪಿ ಬೇರೆ, ಭಾಷೆ ಬೇರೆ, ಕುಲ ಬೇರೆ ಎಂಬುದನ್ನು ಅಲ್ಲಿಯೇ ಬಿಡಿಸಿ ಹೇಳಬಹುದು. ಬಾಗಲಕೋಟೆ ಜಿಲ್ಲೆಯ ಕಾಲೇಜುಗಳ ಕನ್ನಡ ಮತ್ತು ಉರ್ದು ಅಧ್ಯಾಪಕರು ಒಟ್ಟಾಗಿ ಇಳಕಲ್ಲಿನ, ಗುಳೇದಗುಡ್ಡದ ಹಿರಿಯರ ದಖನಿಯನ್ನು ಧ್ವನಿಮುದ್ರಿಸಿ, ಪಕ್ಕದಲ್ಲೇ ಅದೇ ಓಣಿಯ ಕನ್ನಡವನ್ನಿಟ್ಟು ಹೋಲಿಸುವ ಕೆಲಸ ಕೈಗೆತ್ತಿಕೊಳ್ಳಬೇಕು. ಶಿಷ್ಟ ಉರ್ದುವಿನ ಪಾಠಪುಸ್ತಕ ಒಂದು ಕಡೆ, ಶಿಷ್ಟ ಕನ್ನಡದ ಪಾಠಪುಸ್ತಕ ಇನ್ನೊಂದು ಕಡೆ ಎಳೆಯುತ್ತಿರುವಾಗ, ಈ ಎರಡು ಆಡುಮಾತುಗಳು ಪರಸ್ಪರ ಕಲಿತದ್ದು ಹಿರಿಯರ ಬಾಯಲ್ಲಷ್ಟೇ ಉಳಿದಿದೆ.