ಸಮುದ್ರ ಸೇರುವ ನೀರು ವ್ಯರ್ಥವೇ? ಎರಡು ಅಳಿವೆಗಳಲ್ಲಿ ನಡೆದು ನೋಡಿ

‘ಇಷ್ಟೊಂದು ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗ್ತಿದೆ.’ ಕರ್ನಾಟಕದಲ್ಲಿ ಈ ಮಾತು ಆಡದ ಪಕ್ಷ ಯಾವುದಿದೆ ಹೇಳಿ? ಸರ್ಕಾರ ಬದಲಾಗುತ್ತದೆ, ನೀರಾವರಿ ಮಂತ್ರಿ ಬದಲಾಗುತ್ತಾರೆ, ಈ ವಾಕ್ಯ ಮಾತ್ರ ಬದಲಾಗುವುದಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಇದನ್ನೇ ಕೇಳಿದೆವು. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಮಾತು ಎದ್ದಾಗಲೆಲ್ಲ ಇದನ್ನೇ ಕೇಳುತ್ತಿದ್ದೇವೆ.

ಈ ವಾಕ್ಯ ನಿಜವೋ ಸುಳ್ಳೋ ಅಂತ ಪರೀಕ್ಷಿಸಲು ವಿಜ್ಞಾನಿ ಆಗಬೇಕಿಲ್ಲ. ಒಂದು ವಾರಾಂತ್ಯ ಬಿಡುವಿದ್ದು, ಕೆಸರಾದರೂ ಬೇಜಾರಿಲ್ಲದ ಒಂದು ಜೊತೆ ಚಪ್ಪಲಿ ಇದ್ದರೆ ಸಾಕು. ನಾನಿರುವ ಶಿವಮೊಗ್ಗದ ಆಲ್ಕೊಳ ಸರ್ಕಲ್‌ನಿಂದ ಸಾಗರ ರಸ್ತೆ ಹಿಡಿದು ಹೊರಟರೆ ಅದೇ ಹೆದ್ದಾರಿ ತಾಳಗುಪ್ಪ ದಾಟಿ, ಘಟ್ಟ ಇಳಿದು, ಗೇರುಸೊಪ್ಪ ಹಾದು ಹೊನ್ನಾವರಕ್ಕೆ ಮುಟ್ಟಿಸುತ್ತದೆ. ಅಲ್ಲಿ ಶರಾವತಿ ಸಮುದ್ರ ಸೇರುತ್ತಾಳೆ. ಅಲ್ಲಿಂದ ಉತ್ತರಕ್ಕೆ ಕುಮಟಾ ಕಡೆ ಹೋದರೆ ಅಘನಾಶಿನಿಯ ಅಳಿವೆ. ಎರಡೂ ಕಡೆ ಏರು ಹತ್ತುವ ಕಷ್ಟವಿಲ್ಲ. ಅಜ್ಜಿಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾದ ಸಪಾಟು ದಾರಿಗಳು.

ಒಂದೇ ಕರಾವಳಿ, ಎರಡು ನದಿ

ಹೊನ್ನಾವರದ ಕಾಸರಕೋಡಿನ ಬಳಿ ಅರಣ್ಯ ಇಲಾಖೆ ಮಾಡಿರುವ ‘ಶರಾವತಿ ಕಾಂಡ್ಲ ನಡಿಗೆ’ ಈಗ ಇನ್‌ಸ್ಟಾಗ್ರಾಂನಲ್ಲಿ ಫೇಮಸ್. ಕಾಂಡ್ಲ ಗಿಡಗಳ ನಡುವೆ ಮರದ ಹಲಗೆಯ ದಾರಿ, ಕೆಳಗೆ ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳು, ಏಡಿಗಳು. ಸಮೀಪದಲ್ಲೇ ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಫೋಟೋ ತೆಗೆಯಿರಿ, ತಪ್ಪೇನಿಲ್ಲ. ಆದರೆ ಅಘನಾಶಿನಿಯನ್ನೂ ನೋಡದೆ ವಾಪಸ್ ಬರಬೇಡಿ.

ಅಲ್ಲಿ ಹಲಗೆ ದಾರಿಯ ಅಗತ್ಯವೇ ಇಲ್ಲ. ಗಜನಿ ಗದ್ದೆಗಳ ಏರಿಯ ಮೇಲೆ ನಡೆಯಬಹುದು. ಮಾಣಿಕಟ್ಟಾ ಸುತ್ತಮುತ್ತ ಇವತ್ತಿಗೂ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ ಅದು. ಮಳೆಗಾಲದ ಸಿಹಿನೀರಿಗೆ ಬೆಳೆದು, ಕೊಯ್ಲು ಮುಗಿದ ಮೇಲೆ ಅದೇ ಗದ್ದೆ ಸಿಗಡಿ, ಮೀನಿನ ಕೊಳವಾಗುತ್ತದೆ. ಅಘನಾಶಿನಿ ಊರಿನಿಂದ ದೋಣಿ ಹತ್ತಿದರೆ ಆಚೆ ದಡ ತದಡಿ. ಇಳಿತದ ಹೊತ್ತಿಗೆ ಹೋದರೆ ನದಿಯ ನಡುವೆಯೇ ಮರಳುದಿಣ್ಣೆ ಎದ್ದಿರುತ್ತದೆ, ಜನ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪಿ ಆರಿಸುತ್ತಿರುತ್ತಾರೆ. ಅವರಲ್ಲಿ ಎಷ್ಟೋ ಜನ ಹೆಂಗಸರು. ಭೂಮಿ ಇಲ್ಲದವರಿಗೂ ದಿನದ ಗಳಿಕೆ ಕೊಡುವ ಜಾಗ ಇದು. ಇಲ್ಲಿ ದುಡಿಯೋಕೆ ಪಹಣಿ ಬೇಕಿಲ್ಲ, ಉಬ್ಬರ ಇಳಿತದ ಲೆಕ್ಕ ಗೊತ್ತಿದ್ದರೆ ಸಾಕು.

ಈ ಚಿಪ್ಪಿಯ ಸುಗ್ಗಿ ಶರಾವತಿಯ ಅಳಿವೆಯಲ್ಲಿ ಯಾಕಿಲ್ಲ? ಅದೇ ಅರಬ್ಬಿ ಸಮುದ್ರ, ಅದೇ ಘಟ್ಟ, ಅದೇ ಮಳೆ.

ಉತ್ತರ ಮೇಲ್ಗಡೆ ಇದೆ

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಅವರ ತಂಡ ಈ ಎರಡೂ ಅಳಿವೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಅವರು ಬೊಟ್ಟು ಮಾಡಿದ ಮುಖ್ಯ ಕಾರಣ ಉಪ್ಪಿನಂಶ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಅಳಿವೆ ಪೂರಾ ಸಿಹಿ, ಬೇಸಿಗೆ ಬಂದಂತೆ ಸಮುದ್ರದ ನೀರು ಒಳಗೆ ಬಂದು ಉಪ್ಪು. ಈ ಏರಿಳಿತವನ್ನು ನಂಬಿಕೊಂಡೇ ಚಿಪ್ಪಿ ಬೆಳೆಯುತ್ತದೆ.

ಶರಾವತಿಯದು ಬೇರೆ ಕಥೆ. 1964ರಲ್ಲಿ ಲಿಂಗನಮಕ್ಕಿ ಬಂತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಜಲಾಶಯ. ಅದರ ಕೆಳಗೆ 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ, ಅದರಾಚೆ ಗೇರುಸೊಪ್ಪದಲ್ಲಿ ಇನ್ನೂ 240 ಮೆಗಾವ್ಯಾಟ್. ಟರ್ಬೈನ್ ತಿರುಗಬೇಕಲ್ಲ? ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲೂ ಬಿಡುತ್ತಾರೆ. ಪರಿಣಾಮ, ಉಪ್ಪಾಗಬೇಕಾದ ಕಾಲದಲ್ಲೂ ಅಳಿವೆ ಸಪ್ಪೆ. ಚಿಪ್ಪಿಯ ಸಂತತಿ ಕುಸಿಯಿತು, ಮೀನಿನ ವೈವಿಧ್ಯ ಕಡಿಮೆಯಾಯಿತು.

ಗಮನಿಸಿ: ಇಲ್ಲಿ ಸಮಸ್ಯೆ ನೀರಿನ ಕೊರತೆಯಲ್ಲ. ನೀರು ಬಂದ ಸಮಯ ತಪ್ಪು. ಇಂಜಿನಿಯರಿಂಗ್ ಕ್ಲಾಸಿನಲ್ಲಿ ನಮಗೆ ನದಿ ಅಂದರೆ ಒಂದು ಹರಿವಿನ ಅಂಕಿ ಅಂತ ಕಲಿಸುತ್ತಾರೆ. ಸೆಕೆಂಡಿಗೆ ಇಷ್ಟು ಘನ ಮೀಟರ್, ವರ್ಷಕ್ಕೆ ಇಷ್ಟು ಟಿಎಂಸಿ. ಅಳಿವೆ ಆ ಒಟ್ಟು ಅಂಕಿಯಿಂದ ಬದುಕುವುದಿಲ್ಲ, ಕ್ಯಾಲೆಂಡರಿನಿಂದ ಬದುಕುತ್ತದೆ. ‘ಸ್ವಲ್ಪ ನೀರು ಪರಿಸರಕ್ಕೆ ಬಿಟ್ಟು ಉಳಿದದ್ದು ತಗೋತೀವಿ’ ಅನ್ನುವ ಜಾಣ ರಾಜಿಯೂ ಇಲ್ಲಿ ಸೋಲುತ್ತದೆ. ಎಷ್ಟು ಬಿಡ್ತೀರಿ ಅನ್ನುವುದರ ಜೊತೆಗೆ ಯಾವಾಗ ಬಿಡ್ತೀರಿ ಅನ್ನುವುದೂ ಪ್ರಶ್ನೆ.

ನಮ್ಮ ಹೋರಾಟದ ಖಾಲಿ ಜಾಗ

ಶಿವಮೊಗ್ಗದವರಿಗೆ ಶರಾವತಿ ಅಂದರೆ ಮುಳುಗಡೆ. ಊರು ಬಿಟ್ಟು ಬಂದು, ದಶಕಗಳಾದರೂ ಕೈಗೆ ಹಕ್ಕುಪತ್ರ ಸಿಗದ ಕುಟುಂಬಗಳು ಇಲ್ಲಿ ಇನ್ನೂ ಇವೆ. 2019ರ ಜುಲೈನಲ್ಲಿ ನಾ. ಡಿಸೋಜ ಅವರ ಮುಂದಾಳತ್ವದಲ್ಲಿ ಜಿಲ್ಲೆ ಬಂದ್ ಆದಾಗ ಆ ನೋವಿನ ನೆನಪೇ ಬೀದಿಗಿಳಿದಿತ್ತು. ಅದು ನ್ಯಾಯವಾದ ಸಿಟ್ಟು. ಆದರೆ ಅದು ಅಣೆಕಟ್ಟಿನ ಮೇಲ್ಗಡೆಯ ನೋವು. ಕೆಳಗಡೆ ಏನಾಯಿತು ಅನ್ನುವುದು ನಮ್ಮ ಭಾಷಣಗಳಲ್ಲಿ ಬರುವುದು ಅಪರೂಪ. ಹೊನ್ನಾವರದ ಮೀನುಗಾರ ಯಾವತ್ತೂ ಮುಳುಗಡೆ ಸಂತ್ರಸ್ತರ ಪಟ್ಟಿಯಲ್ಲಿರಲಿಲ್ಲ. ಅವನ ಮನೆ ಮುಳುಗಲಿಲ್ಲ, ಕಸುಬು ಕರಗಿತು. ಕರಗಿದ್ದಕ್ಕೆ ಪರಿಹಾರ ಕೊಡುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಸಿಂಗಳೀಕದ ಕಾಡಿನ ಬಗ್ಗೆ ಚರ್ಚೆ ಆಗುತ್ತಿದೆ, ಆಗಲೇಬೇಕು. ‘ನೀರು ಖರ್ಚಾಗಲ್ಲ, ಮೇಲೆ ಕೆಳಗೆ ಓಡಾಡುತ್ತೆ ಅಷ್ಟೇ’ ಅನ್ನುವ ಸಮರ್ಥನೆ ತಾಂತ್ರಿಕವಾಗಿ ಸರಿಯೇ. ಸೌರ ವಿದ್ಯುತ್ ಹೆಚ್ಚಿದಷ್ಟೂ ಅದನ್ನು ಶೇಖರಿಸುವ ವ್ಯವಸ್ಥೆ ಬೇಕು ಅನ್ನುವುದೂ ಸರಿ. ಆದರೆ ಗೇರುಸೊಪ್ಪದಿಂದ ಕೆಳಗೆ ನೀರು ಬಿಡುವ ವೇಳಾಪಟ್ಟಿ ಏನಾಗುತ್ತದೆ? ಈ ಪ್ರಶ್ನೆಯನ್ನು ಅಳಿವೆಯ ಊರುಗಳಲ್ಲಿ ಕೂತು ಉತ್ತರಿಸಬೇಕು. ಕಾಸರಕೋಡು ಟೊಂಕದ ಮೀನುಗಾರರಂತೂ ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಬಡಿದಾಡುತ್ತಿದ್ದಾರೆ. ಒಂದು ಕಡೆ ಸಮುದ್ರದಿಂದ ಒತ್ತಡ, ಇನ್ನೊಂದು ಕಡೆ ನದಿಯಿಂದ.

ಬಯಲುಸೀಮೆಯ ಬಾಯಾರಿಕೆ

ಹಾಗಾದರೆ ಬರದ ಜಿಲ್ಲೆಗಳು ಏನು ಮಾಡಬೇಕು ಅಂತ ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಮಲೆನಾಡಿನ ನಾವು ಹಗುರವಾಗಿ ತಗೋಬಾರದು. ಚಿತ್ರದುರ್ಗದ ರೈತನ ಬಾಯಾರಿಕೆಯೂ ನಿಜ. ಆದರೆ ಆ ರೈತನ ಹೆಸರಿನಲ್ಲಿ ಹೇಳುವ ಲೆಕ್ಕ ಪೂರ್ತಿ ಇರಲಿ. ಒಂದು ಕೈ ಖರ್ಚು ಬರೆಯದೆ ಲಾಭ ಮಾತ್ರ ಬರೆದರೆ ಅದು ಯೋಜನೆಯಲ್ಲ, ಜಾಹೀರಾತು. ಅಘನಾಶಿನಿಯ ತಿರುವಿನ ಲೆಕ್ಕದಲ್ಲಿ ಚಿಪ್ಪಿ, ಕಗ್ಗ, ಸಿಗಡಿ ಮತ್ತು ಅವುಗಳ ಮೇಲೆ ನಿಂತ ಮನೆಗಳೂ ಇರಬೇಕು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿ ಸೇರಿತು. ತದಡಿಯಲ್ಲಿ ಒಂದು ಕಾಲಕ್ಕೆ 4000 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಯೋಜನೆ ಇತ್ತು, ಜನ ವಿರೋಧಿಸಿದರು, ಅದು ಬರಲಿಲ್ಲ. ಬಂದಿದ್ದರೆ ಇವತ್ತು ಪಟ್ಟಿಗೆ ಸೇರಿಸೋಕೆ ಏನು ಉಳಿದಿರುತ್ತಿತ್ತು? ಅಳಿವೆಗೆ ಅಂತಾರಾಷ್ಟ್ರೀಯ ಮಾನ್ಯತೆ ಕೊಟ್ಟು, ಅದನ್ನು ತುಂಬುವ ನದಿಯನ್ನೇ ಪೂರ್ವಕ್ಕೆ ತಿರುಗಿಸುವುದು ಯಾವ ಸೀಮೆಯ ತರ್ಕ?

ಕೇಳಬೇಕಾದ್ದು ಮೂರೇ. ಪಶ್ಚಿಮಕ್ಕೆ ಹರಿಯುವ ಯಾವುದೇ ನದಿಯ ಯೋಜನೆಗೆ ಪರಿಣಾಮದ ಅಧ್ಯಯನ ಅಳಿವೆಯ ಬಾಯಿವರೆಗೆ ಆಗಲಿ, ಅಣೆಕಟ್ಟಿನ ಗೋಡೆಗೆ ನಿಲ್ಲದಿರಲಿ. ಜಲಾಶಯಗಳಿಂದ ನೀರು ಬಿಡುವ ದಿನವಹಿ ಮಾಹಿತಿ ಕೆಳಗಿನ ಊರುಗಳಿಗೆ ಕನ್ನಡದಲ್ಲಿ ಸಿಗಲಿ. ಸಾರ್ವಜನಿಕ ಅಹವಾಲು ಸಭೆ ತದಡಿ, ಕಾಸರಕೋಡಿನಲ್ಲೂ ನಡೆಯಲಿ.

ಅದಕ್ಕೂ ಮೊದಲು ಹೋಗಿ ನಡೆಯಿರಿ. ಮಳೆಗಾಲ ಮುಗಿದ ಮೇಲೆ, ಇಳಿತದ ಸಮಯ ಊರಿನವರ ಹತ್ತಿರ ಕೇಳಿಕೊಂಡು, ಗದ್ದೆಯ ಏರಿ ತುಳಿದು ಹಾಳು ಮಾಡದೆ. ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ ನಿಂತು ‘ಸಮುದ್ರ ಸೇರಿ ವ್ಯರ್ಥ’ ಅಂದಾಗ, ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪಿ ಆರಿಸುವ ಆ ಹೆಂಗಸರ ಬಗ್ಗೆ ನೀವೇ ಎದ್ದು ನಿಂತು ಕೇಳಬಹುದು.