ಕೋವಿಯ ಪಕ್ಕದಲ್ಲಿ ಗುದ್ದಲಿ

ಸೈನ್ಯದ ಚರಿತ್ರೆಯೆಂದರೆ ಸೇನಾಪತಿಗಳ ಚರಿತ್ರೆಯೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಆಳವಾಗಿ ಬೇರೂರಿದೆ. ಅದನ್ನು ಬಿತ್ತಿದ್ದು ಪಠ್ಯಪುಸ್ತಕಗಳು. ಈಗ ಸ್ಥಾಪಿತವಾಗುತ್ತಿರುವ ಸೇನಾ ವಸ್ತುಸಂಗ್ರಹಾಲಯಗಳು ಅದಕ್ಕೆ ನೀರೆರೆಯುತ್ತವೆಯೋ ಅಥವಾ ಅದನ್ನು ತಿದ್ದುತ್ತವೆಯೋ ಎಂಬುದನ್ನು ವಾಚಕರು ಯೋಚಿಸಬೇಕೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ತಡವಾಗಿಯಾದರೂ ಆಗಬೇಕಾದ ಕೆಲಸ ಆಯಿತು. ಅರಕಾನಿನ ಕಾಡಿನಲ್ಲಿ ಜಪಾನೀಯರೊಡನೆ ಕಾದಿ, 1953ರಲ್ಲಿ ಕೊರಿಯದ ಯುದ್ಧಕೈದಿಗಳ ಪ್ರಶ್ನೆಯನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ, 1957ರಿಂದ 1961ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾಗಿ, ಕಡೆಗೆ 1965ರ ಡಿಸೆಂಬರಿನಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ಕಣ್ಮುಚ್ಚಿದ ಆ ಮಹನೀಯರಿಗೆ ಒಂದು ಮನೆಯಷ್ಟು ಸ್ಮರಣೆ ಹೆಚ್ಚೇನೂ ಅಲ್ಲ. ನನ್ನ ಮಾತಿರುವುದು ಆ ಸ್ಮರಣೆಯ ಅಂಚಿನಾಚೆ ಉಳಿದುಹೋಗುವವರನ್ನು ಕುರಿತು.

ತಿಮ್ಮಯ್ಯನವರ ಕೀರ್ತಿಗೆ ಮುಕುಟಪ್ರಾಯವಾದ ಜೋಜಿಲಾ ಕಾಳಗವನ್ನೇ ನೋಡೋಣ. 1948ರಲ್ಲಿ ಕಾಶ್ಮೀರಕ್ಕೂ ಲಡಾಖಿಗೂ ನಡುವಣ ಆ ಕಣಿವೆದಾರಿ ಶತ್ರುಗಳ ಕೈಸೇರಿತ್ತು. ಲೇಹ್ ಪಟ್ಟಣ ಒಂಟಿಯಾಗಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ಫಲಿಸಲಿಲ್ಲ. ಆಗ ಹುಟ್ಟಿದ್ದು, ಹನ್ನೊಂದು ಸಾವಿರ ಅಡಿಗೂ ಮೇಲಣ ಆ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸುವ ಯೋಚನೆ. ಏಳನೆಯ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಬಾಲ್ತಾಲಿನವರೆಗೆ ಸಾಗಿಸಿದರು. ನವೆಂಬರ್ 1ರಂದು, ಬೀಳುವ ಮಂಜಿನ ನಡುವೆ, ಅವು ಕಣಿವೆಯನ್ನು ಹೊಕ್ಕವು, ಶತ್ರು ದಿಕ್ಕೆಟ್ಟ. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ನಮ್ಮವಾದವು.

ಆದರೆ ಟ್ಯಾಂಕು ಹಕ್ಕಿಯಲ್ಲ, ಅದಕ್ಕೆ ದಾರಿ ಬೇಕು. ಅಲ್ಲಿದ್ದುದು ಹೇಸರಗತ್ತೆ ನಡೆಯುವ ಜಾಡು. ಅದನ್ನು ಅಗೆದು, ಬಂಡೆ ಸಿಡಿಸಿ, ಅಗಲಮಾಡಿ, ಟ್ಯಾಂಕಿನ ಭಾರ ತಾಳುವಂತೆ ಮಾಡಿದವರು ಬೆಂಗಳೂರಿನಲ್ಲಿ ಕೇಂದ್ರವನ್ನುಳ್ಳ ಮದರಾಸ್ ಸ್ಯಾಪರ್ಸ್ ದಳದವರು. ಅವರ ಕೈಯಲ್ಲಿದ್ದುದು ಗುದ್ದಲಿ, ಸನಿಕೆ, ಸಿಡಿಮದ್ದು. ಶಾಲೆಯ ಹುಡುಗನನ್ನು ಜೋಜಿಲಾ ಗೆದ್ದವರು ಯಾರೆಂದು ಕೇಳಿದರೆ, ಉತ್ತರ ಗೊತ್ತಿದ್ದವನೂ ಒಂದೇ ಹೆಸರು ಹೇಳುತ್ತಾನೆ. ತಪ್ಪು ಅವನದಲ್ಲ.

1780ರಷ್ಟು ಹಳೆಯದಾದ ಈ ದಳದ ವಸ್ತುಸಂಗ್ರಹಾಲಯ ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ. ದಂಡಿನ ಆವರಣದೊಳಗಿರುವುದರಿಂದ ಮನಬಂದಾಗ ಹೊಕ್ಕು ನೋಡುವ ಸ್ಥಳವಲ್ಲ. ಹೀಗಾಗಿ ಬೆಂಗಳೂರಿಗರಲ್ಲೇ ಅನೇಕರು ಅದರ ಹೆಸರನ್ನು ಕೇಳಿಲ್ಲ. ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿಮಾಡುವ ಮದ್ದಿನ ಕೊಳವೆ 1912ರಲ್ಲಿ ಹುಟ್ಟಿದ್ದು ಈ ದಳದಲ್ಲಿ. ಅದಕ್ಕೆ ‘ಬೆಂಗಳೂರು ಟಾರ್ಪಿಡೊ’ ಎಂಬ ಹೆಸರಿದೆ. ಊರಿನ ಹೆಸರು ಜಗತ್ತಿನ ಯುದ್ಧರಂಗಗಳಲ್ಲೆಲ್ಲ ಓಡಾಡಿದ್ದು ಊರಿಗೇ ತಿಳಿಯದು! 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ, ಜೊತೆಗಾರರನ್ನು ಉಳಿಸಲೆಂದು ಸಿಡಿಯಲಿದ್ದ ನೆಲಬಾಂಬಿನ ಮೇಲೆ ಮೈಯೊಡ್ಡಿ ಸತ್ತ ಸುಬೇದಾರ್ ಸುಬ್ರಮಣಿಯನ್ ಕೂಡ ಈ ದಳದವನೇ. ಜಾರ್ಜ್ ಕ್ರಾಸ್ ಪದಕ ಅವನಿಗೆ ಮರಣಾನಂತರ ಸಂದಿತು.

ಪದಕ ದೊರೆತವನ ಹೆಸರು ಉಳಿಯುತ್ತದೆ. ಉಳಿದವರ ಮಾತು? ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷರು ಒಡೆದು ಓದಿಸುತ್ತಿದ್ದರು. ಸಿಪಾಯಿಯ ಮನಸ್ಸು ಎತ್ತ ವಾಲುತ್ತಿದೆಯೆಂದು ತಿಳಿಯಲು ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ವರದಿಗಳಲ್ಲಿ ಸೇರಿಸಿದರು. ಮೂಲ ಕಾಗದಗಳು ಬಹುಮಟ್ಟಿಗೆ ಕಳೆದುಹೋದವು. ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದವು. ಪಂಜಾಬದ ರೈತನೊಬ್ಬ ಕಂದಕದಲ್ಲಿ ಕುಳಿತು ಮನೆಯ ಬೆಳೆಯನ್ನು ನೆನೆದದ್ದು ಇಂದು ನಮಗೆ ತಿಳಿಯುವುದು ಹಾಗೆ. ಪ್ರೀತಿ ಕಾಪಾಡದ್ದನ್ನು ಸಂಶಯ ಕಾಪಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವುದರಲ್ಲಿ ಜೋಧಪುರದವರೊಡನೆ ಪಾಲುಗೊಂಡ ಮೈಸೂರು ಲ್ಯಾನ್ಸರುಗಳು ಇದ್ದುದು ಫ್ರಾನ್ಸಿನಲ್ಲಲ್ಲ, ಪ್ಯಾಲೆಸ್ತೀನಿನಲ್ಲಿ. ದೆಹಲಿಯ ತೀನ್ ಮೂರ್ತಿಯಲ್ಲಿ ಅವರ ಪ್ರತಿನಿಧಿಯಾಗಿ ಒಂದು ಪ್ರತಿಮೆ ನಿಂತಿದೆ. ಅವರು ಮನೆಗೆ ಬರೆದ ಕಾಗದಗಳು ಉಳಿದಿದ್ದರೆ ಯಾವುದೋ ಮನೆಯ ಟ್ರಂಕಿನ ತಳದಲ್ಲಿರಬೇಕು.

ಲಂಡನ್ನಿನವರು ಈ ವಿಷಯದಲ್ಲಿ ಜಾಣತನ ತೋರಿದರು. ಇಂಪೀರಿಯಲ್ ವಾರ್ ಮ್ಯೂಸಿಯಮ್ಮನ್ನು ಸ್ಥಾಪಿಸಲು ಅವರು ತೀರ್ಮಾನಿಸಿದ್ದು 1917ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ. ಸತ್ತವರ ಭಾವಚಿತ್ರಗಳನ್ನು ಕಳುಹಿಸಿಕೊಡಿರೆಂದು ಮನೆಮನೆಯವರನ್ನು ಬೇಡಿಕೊಂಡರು. ಹೆಂಗಸರು ಮಾಡಿದ ಯುದ್ಧಕಾಲದ ದುಡಿಮೆಯನ್ನು ದಾಖಲಿಸಲು ಬೇರೆಯೇ ಒಂದು ಉಪಸಮಿತಿಯನ್ನು ನೇಮಿಸಿದರು. ನಮ್ಮಲ್ಲಾದರೋ, 1947–48ರ ಕಾಶ್ಮೀರ ಕಾರ್ಯಾಚರಣೆಯ ಅಧಿಕೃತ ಚರಿತ್ರೆ ಅಚ್ಚಾದದ್ದು 1987ರಲ್ಲಿ. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಬಹಿರಂಗಪಡಿಸಬೇಕೆಂಬ ನೀತಿಗೆ ರಕ್ಷಣಾ ಸಚಿವಾಲಯ ಒಪ್ಪಿಗೆಯಿತ್ತದ್ದು 2021ರಲ್ಲಿ. ಜೋಜಿಲಾದಲ್ಲಿ ಗುದ್ದಲಿ ಹಿಡಿದವನಿಗೆ ಆ ಹೊತ್ತಿಗೆ ತೊಂಬತ್ತು ದಾಟಿರಬೇಕು, ಬದುಕಿದ್ದರೆ.

ಇದು ನಮ್ಮ ನಾಡಿಗೆ ಸಹಜವಾದ ಮರೆವಲ್ಲ. ಊರ ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನೆಟ್ಟ ನಾಡು ಇದು. ಸುಮಾರು 890ರ ಬೇಗೂರು ಶಾಸನ ಬೆಂಗಳೂರ ಕಾಳಗದಲ್ಲಿ ಮಡಿದವರ ಹೆಸರು ಹೇಳುತ್ತದೆ. ಎಂಥ ದೊರೆಯ ಕಾಲದಲ್ಲೆಂಬುದರ ಜೊತೆಗೆ, ಸತ್ತವನು ಯಾರ ಮಗ, ಯಾವ ಊರವನು ಎಂದು ಬರೆಯುವುದು ನಮ್ಮ ಎಷ್ಟೋ ವೀರಗಲ್ಲುಗಳ ಪದ್ಧತಿ. ಗಾಜಿನ ಪೆಟ್ಟಿಗೆಯ ಕೋವಿಗೆ ಅಂಟಿಸುವ ಚೀಟಿಯಲ್ಲಿ ಅದರ ಮಾದರಿ, ತೂಕ, ಗುಂಡಿನ ದೂರ ಎಲ್ಲವೂ ಇರುತ್ತದೆ. ಹಿಡಿದವನ ಹೆಸರು ಇರುವುದು ಅಪರೂಪ.

ಸನ್ನಿಸೈಡಿನಂಥ ಮನೆಯಲ್ಲಿ ಒಂದು ಕೋಣೆ ಹವಾಲ್ದಾರರ, ನಾಯಕರ, ಅಡಿಗೆಯವರ, ಹೇಸರಗತ್ತೆ ಹೊಡೆದವರ ಪಾಲಿಗೆ ಮೀಸಲಾಗಲಿ. ಅದನ್ನು ತುಂಬಲು ಸರ್ಕಾರದ ಆಜ್ಞೆಗಿಂತ ಉಪಾಧ್ಯಾಯರ ಒಂದು ಭಾನುವಾರ ಹೆಚ್ಚು ಉಪಯುಕ್ತ. ಕೊಡಗಿನಲ್ಲಾಗಲಿ ಬೆಳಗಾವಿಯ ಕಡೆಯಾಗಲಿ, ದಂಡಿಗೆ ಹೋದವರಿಲ್ಲದ ಊರು ಕಡಿಮೆ. ವಿದ್ಯಾರ್ಥಿಗಳು ಅಜ್ಜಿಯರನ್ನು ಕೇಳಲಿ. ಭಾವಚಿತ್ರದ ಹಿಂಬದಿಯಲ್ಲಿ ಹೆಸರು, ದಳ, ಊರು, ಇಸವಿಗಳನ್ನು ಪೆನ್ಸಿಲಿನಿಂದ ಬರೆದಿಡಲಿ. ಮೊದಲ ಮಹಾಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಅದನ್ನು ಪಡೆದವನ ಸಂಖ್ಯೆ, ಹೆಸರು, ದಳಗಳನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಅಕ್ಕಸಾಲಿಗನ ತಕ್ಕಡಿಗೆ ಹಾಕುವ ಮೊದಲು ಅದನ್ನು ಬೆಳಕಿಗೆ ಹಿಡಿದು ಓದಬಹುದು.