'ಚೆನ್ನಾಗಿದೆ' ಎಂದರೆ ಸಾಲದು

'ಚೆನ್ನಾಗಿದೆ' ಎನ್ನುವುದರಷ್ಟು ಸೋಮಾರಿ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಉಪ್ಪು ಕಡಿಮೆಯಾದ ಸಾರಿಗೂ ಅದೇ, ನಾದಿನಿಯ ಹೊಸ ಸೀರೆಗೂ ಅದೇ, ಮಗಳು ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ ಚಿತ್ರಕ್ಕೂ ಅದೇ. ಈಗ ಅದಕ್ಕೆ 'ಸೂಪರ್' ಎಂಬ ತಂಗಿಯೊಬ್ಬಳು ಬೇರೆ ಹುಟ್ಟಿದ್ದಾಳೆ. ಈ ಅಕ್ಕತಂಗಿಯರ ಮೇಲೆ ಜಗಳ ತೆಗೆಯಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಹುಡುಗಿಯರಿಗೆ ಈಗೊಂದು ಹೊಸ ಹುಚ್ಚು. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಅದರಲ್ಲೇ ಕತ್ತರಿಸಿ, ಬಣ್ಣ ಬದಲಿಸಿ, ಒಂದರ ಮೇಲೊಂದು ಕೂರಿಸಿ ಬೇರೆಯದೇ ಚಿತ್ರ ಮಾಡುತ್ತಾರೆ. ಚಿತ್ರಕ್ಕೆ ಬೇಕಾದ ಸರಂಜಾಮಿಗೂ ನಮ್ಮ ಕಡೆ ಬರವಿಲ್ಲ. ಜುಲೈ, ಆಗಸ್ಟಿನಲ್ಲಿ ಗುಂಡ್ಲುಪೇಟೆ ದಾಟಿ ಊಟಿಯ ರಸ್ತೆ ಹಿಡಿದರೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರದ್ದೇ ಒಂದು ಜಾತ್ರೆ. ಹೊಲದೊಳಗೆ ಬಿಡುವುದಕ್ಕೆ ರೈತರು ದುಡ್ಡು ಕೇಳುತ್ತಾರೆಂದು ಕೆಲವರಿಗೆ ಸಿಟ್ಟು. ಕೇಳಲಿ ಬಿಡಿ, ತುಳಿತಕ್ಕೆ ಸಿಗುವುದು ಅವರ ಬೆಳೆ ತಾನೆ?

ನಮ್ಮ ಶಾಲೆಯ ಹತ್ತನೇ ತರಗತಿಯವಳೊಬ್ಬಳು ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಇಂಥದೊಂದು ಚಿತ್ರ ತಂದಳು. ಸೂರ್ಯಕಾಂತಿ ಹೊಲದ ನಡುವೆ ಅವಳ ತಾಯಿ, ಗಿಡಗಳಿಗಿಂತ ಮೂರು ಪಟ್ಟು ಎತ್ತರ. ಆಕೆ ಕೂಲಿಗೆ ಹೋಗುವವರು. ತಲೆಯ ಮೇಲೆ ಹುಲ್ಲಿನ ಹೊರೆ ಇರಬೇಕಾದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅದರ ಮಂಜಿನ ಸಮೇತ! ಎಡಕ್ಕೆ ಮುಳುಗುವ ಸೂರ್ಯ, ಹೂವುಗಳೆಲ್ಲ ಅವನತ್ತಲೇ ಮುಖ ಮಾಡಿವೆ. ಸ್ಟಾಫ್ ರೂಮಿನಲ್ಲಿ ಅರ್ಧ ಜನ 'ಸೂಪರ್' ಎಂದರು. ಉಳಿದರ್ಧ 'ಇದು ಫೋಟೋನೇ ಅಲ್ಲ, ಮೋಸ' ಎಂದರು. ಎರಡು ಪಂಗಡದವರೂ ಅದನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ನೋಡಲಿಲ್ಲ. ಹುಡುಗಿ ಬಂದ ಹಾಗೇ ಕೈ ಬೀಸಿಕೊಂಡು ಹೋದಳು.

ಮೋಸ ಎನ್ನುವವರಿಗೆ ಮೊದಲು ಉತ್ತರ ಕೊಡುತ್ತೇನೆ. ಫೋಟೋಶಾಪ್ ಬಂದದ್ದು 1990ರಲ್ಲಿ. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲೇ ಐದು ನೆಗೆಟಿವ್‌ಗಳನ್ನು ಸೇರಿಸಿ, ಸಾಯುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾಡಿದ್ದ. ಅಷ್ಟು ದೂರ ಯಾಕೆ, ನಮ್ಮ ಅಜ್ಜಿಯರ ಗೋಡೆಯ ಫೋಟೋಗಳಿಗೆ ಸ್ಟುಡಿಯೋದವನು ಕುಂಚ ಹಿಡಿದು ಸೀರೆಗೆ ಹಸಿರು, ತುಟಿಗೆ ಕೆಂಪು ಬಳಿದದ್ದು ಮರೆತುಹೋಯಿತೆ? ಆಗ ಅದನ್ನು ಕಲೆ ಎಂದವರು ಈಗ ಹುಡುಗಿ ಬೆರಳಲ್ಲಿ ಮಾಡಿದರೆ ಮೋಸ ಎನ್ನುತ್ತಾರೆ.

ಮೋಸ ಇಲ್ಲವೆಂದಲ್ಲ. ನ್ಯಾಷನಲ್ ಜಿಯಾಗ್ರಫಿಕ್ 1982ರಲ್ಲಿ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್‌ಗಳನ್ನೇ ಹತ್ತಿರ ಸರಿಸಿ ಬೈಸಿಕೊಂಡಿತು. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೇನೆಂದು ಮಾತು ಕೊಟ್ಟವರು ಹಾಗೆ ಮಾಡಬಾರದು. ಬಂಡೀಪುರದ ರಸ್ತೆಯ ಫೋಟೋಗೆ ಎಲ್ಲಿಯದೋ ಆನೆ ಅಂಟಿಸಿ 'ನಾನೇ ಕಂಡೆ' ಎಂದರೆ ಅದು ಸುಳ್ಳು. ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಇದ್ದದ್ದನ್ನು ಅಳಿಸಬಾರದು ಎಂಬ ನಿಯಮ ಇರುವುದು ಇದಕ್ಕೇ. ಆದರೆ ತಾಯಿಯ ತಲೆಯ ಮೇಲೆ ಬೆಟ್ಟ ಹೊರಿಸಿದವಳು ಯಾರನ್ನು ನಂಬಿಸಲು ಹೊರಟಿದ್ದಾಳೆ, ನೀವೇ ಹೇಳಿ.

'ಸೂಪರ್' ಎನ್ನುವವರದ್ದು ಇದಕ್ಕಿಂತ ದೊಡ್ಡ ಅನ್ಯಾಯ. ಕನ್ನಡ ಪ್ರಬಂಧಕ್ಕೆ ಬರೀ 'ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದರೆ ಮೇಷ್ಟ್ರು ಓದಿಲ್ಲವೆಂದು ಮಕ್ಕಳಿಗೂ ಗೊತ್ತಾಗುತ್ತದೆ. ಚಿತ್ರವನ್ನೂ ಓದಬೇಕು. ಮಾರನೆಯ ದಿನ ಅವಳನ್ನು ಕರೆದು ಕೂರಿಸಿಕೊಂಡೆ. ನನಗೇನು ಕಂಡಿತು ಎಂದು ಮೊದಲು ಹೇಳಿದೆ: ಬೆಟ್ಟ ಹೊತ್ತವಳ ಕತ್ತು ಬಗ್ಗಿಲ್ಲ, ಅದು ನನಗೆ ಹಿಡಿಸಿತು. ಆಮೇಲೆ ಬೆರಳಿಟ್ಟು ತೋರಿಸಿದೆ. ಸೂರ್ಯ ಎಡಗಡೆ ಇದ್ದಾನೆ, ತಾಯಿಯ ಬಲಗೆನ್ನೆ ಹೊಳೆಯುತ್ತಿದೆ, ಹೇಗೆ? ಕೂದಲಂಚಿನಲ್ಲಿ ಕತ್ತರಿಸಿದ ಗುರುತು ಉಳಿದಿದೆ. ಇನ್ನು ಸೂರ್ಯಕಾಂತಿ. ಎಳೆಯ ಗಿಡ ಸೂರ್ಯನ ಜೊತೆ ತಿರುಗುತ್ತದೆ ನಿಜ, ಪೂರ್ತಿ ಅರಳಿದ ಹೂವು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಮುಳುಗುವ ಸೂರ್ಯನತ್ತ ಇಡೀ ಹೊಲವನ್ನು ತಿರುಗಿಸುವಷ್ಟು ಧೈರ್ಯ ಮಾಡಿದವಳು ನಿನ್ನ ತಾಯಿಯತ್ತಲೇ ಯಾಕೆ ತಿರುಗಿಸಬಾರದು?

ಹುಡುಗಿಯ ಕಣ್ಣು ಅರಳಿತು. ಆದರೆ ಮುಳುಗುವ ಸೂರ್ಯನನ್ನು ಮಾತ್ರ ತೆಗೆಯಲಾರೆ ಎಂದಳು. 'ಅವ್ವ ಮನೆಗೆ ಬರೋದೇ ಆ ಹೊತ್ಗೆ ಮಿಸ್.' ಸರಿ, ಇರಲಿ ಎಂದೆ. ಚಿತ್ರ ಅವಳದ್ದು. ಸಲಹೆ ಕೊಟ್ಟವರಿಗೆಲ್ಲ ತಲೆಬಾಗಬೇಕೆಂದು ಎಲ್ಲಿದೆ?

ಕೊನೆಗೆ ಕೇಳಿದ್ದು ನನಗೂ ಕಷ್ಟದ ಪ್ರಶ್ನೆ. 'ಅವ್ವನ ಬಣ್ಣ ಯಾಕೆ ತಿಳಿ ಮಾಡಿದೆ?' ಬಹಳ ಹೊತ್ತು ಸುಮ್ಮನಿದ್ದು, 'ಚೆನ್ನಾಗಿ ಕಾಣ್ಲಿ ಅಂತ' ಎಂದಳು. ನೋಡಿ, ಇಲ್ಲಿಗೂ ಬಂತು ಆ 'ಚೆನ್ನಾಗಿ'! ಬೆಟ್ಟವನ್ನೇ ಎತ್ತಿಡಬಲ್ಲ ಕಲ್ಪನೆ ತಾಯಿಯ ಕಪ್ಪು ಚರ್ಮದ ಮುಂದೆ ಸೋತು ನಿಂತಿತ್ತು. ನಾನು ಬೈಯಲಿಲ್ಲ. ಅದನ್ನು ಅವಳಿಗೆ ಕಲಿಸಿದವರು ನಾವು. ಮದುವೆ ಆಲ್ಬಮ್ಮಿನಲ್ಲಿ ಮದುಮಗಳನ್ನು ಎರಡು ಪಟ್ಟು ಬಿಳಿ ಮಾಡಿಸಿ ದುಡ್ಡು ಎಣಿಸಿಕೊಡುವವರು ನಾವು. ಎರಡನೆಯ ಸಲ ತಂದ ಚಿತ್ರದಲ್ಲಿ ತಾಯಿ ತನ್ನ ಬಣ್ಣದಲ್ಲೇ ಇದ್ದರು, ಹಳದಿ ಹೂಗಳ ನಡುವೆ ಎದ್ದು ಕಾಣುತ್ತಿದ್ದರು.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಕೊರೆಯುತ್ತದೆ. ಹುಡುಗ ಇಂಥ ಚಿತ್ರ ಮಾಡಿದರೆ 'ಹೇಗೆ ಮಾಡಿದೆ?' ಎಂದು ಕೇಳುತ್ತಾರೆ. ಹುಡುಗಿ ಮಾಡಿದರೆ 'ಯಾರು ಮಾಡಿಕೊಟ್ಟರು?' ಎನ್ನುತ್ತಾರೆ. ಚಿತ್ರದಲ್ಲಿ ಅವಳೇ ಇದ್ದುಬಿಟ್ಟರಂತೂ ಮುಗಿಯಿತು, ಮಾತೆಲ್ಲ ಅವಳ ಮೂಗು, ಮೈಕಟ್ಟು, ಬಟ್ಟೆಯ ಮೇಲೆ. ಅವಳು ಕೂಡಿಸಿದ ಬೆಳಕು, ಕತ್ತರಿಸಿದ ಅಂಚು ಯಾರಿಗೂ ಬೇಡ. ಹೊಗಳಿಕೆಯ ಹೆಸರಿನಲ್ಲಿ ನಡೆಯುವ ಈ ಕೆಲಸಕ್ಕೆ ವಿಮರ್ಶೆ ಎನ್ನುತ್ತೀರಾ?

ಮನೆಗೆಲಸ ಬಿಟ್ಟು ಚಿತ್ರ ನೋಡುತ್ತಾ ಕೂರಲು ಯಾರಿಗಿದೆ ಪುರುಸೊತ್ತು ಎನ್ನಬೇಡಿ. ಸೀರೆಯ ಅಂಚು ಸೆರಗಿಗೆ ಹೊಂದುತ್ತದೋ ಇಲ್ಲವೋ ಎಂದು ಅಂಗಡಿಯಲ್ಲಿ ಅರ್ಧ ಗಂಟೆ ನೋಡುವ ಕಣ್ಣು ನಮ್ಮದು. ಬಣ್ಣದ ತಾಳಮೇಳ, ಎಲ್ಲಿ ಖಾಲಿ ಬಿಡಬೇಕು, ಎಲ್ಲಿ ಬುಟ್ಟಾ ಹೆಚ್ಚಾಯಿತು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೊಸ ಜೋಡಿಗಳು ಚಾಮರಾಜನಗರಕ್ಕೆ ಬರುತ್ತವೆ, ಜೊತೆಗೆ ದಪ್ಪದಪ್ಪ ಆಲ್ಬಮ್ಮುಗಳೂ ನಿಮ್ಮ ಮಡಿಲಿಗೆ ಬಂದು ಬೀಳುತ್ತವೆ. ಅವಸರದಲ್ಲಿ ಪುಟ ಮಗುಚಬೇಡಿ. ಒಂದು ಪುಟದ ಮೇಲೆ ಬೆರಳಿಟ್ಟು, 'ಇಲ್ಲಿ ನಿನ್ನ ಬಣ್ಣ ಎಲ್ಲಿ ಹೋಯಿತಮ್ಮ?' ಎಂದು ಮದುಮಗಳನ್ನು ಕೇಳಿ ನೋಡಿ.